ಮೊದಲು ಕೇಳು, ಆಮೇಲೆ ಇರುವ ಜಾಗ ಹೇಳು

ಮಗೂ,

ನಿನಗೆ ಹವ್ಯಾಸಿ ರೇಡಿಯೊದ ಹ್ಯಾಮ್ ಲೈಸೆನ್ಸ್ ಬಂತೆಂದು ತಿಳಿದು ಸಂತೋಷವಾಯಿತು. ವಿಯು3 ಎಂದು ಶುರುವಾಗುವ ಕಾಲ್‌ಸೈನ್ ನಿನ್ನದೇ ಆಗಿ ಸಿಕ್ಕಿದೆ, ಅದನ್ನು ಜತನವಾಗಿ ಬಳಸು. ಜಿಪಿಎಸ್ ರಿಸೀವರನ್ನು ಪ್ಯಾಕೆಟ್ ರೇಡಿಯೊಗೆ ಜೋಡಿಸಿ, ನಿನ್ನ ಬೈಕು ಎಲ್ಲಿದೆ ಅನ್ನುವುದು ಗೆಳೆಯರ ನಕ್ಷೆಯ ಮೇಲೆ ತಾನಾಗಿ ಮೂಡುವಂತೆ ಮಾಡಬೇಕೆಂದಿದ್ದೀಯಂತೆ. ಮಾಡು. ಯಾವ ತಂತಿ ಎಲ್ಲಿಗೆ ಎನ್ನುವುದನ್ನು ಒಂದು ಸಂಜೆಯಲ್ಲಿ ಕಲಿಯಬಹುದು. ಆದರೆ ನೀನು ಕಟ್ಟುವ ಪೆಟ್ಟಿಗೆ, ನಿನ್ನ ಗಮನ ಬೇರೆಲ್ಲೋ ಇರುವಾಗಲೂ ನಿನ್ನ ಕಾಲ್‌ಸೈನ್ ಹೇಳಿಕೊಂಡು ಗಾಳಿಯಲ್ಲಿ ಮಾತಾಡುತ್ತದೆ. ಅದು ಆಡುವ ಮಾತು ನಿಜವಾಗಿರಬೇಕು, ಬೇರೆಯವರು ಮಾತಾಡುವಾಗ ಅದು ಸುಮ್ಮನಿರಬೇಕು. ಈ ಎರಡನ್ನು ನಿನ್ನ ಕಿವಿಗೆ ಹಾಕಬೇಕೆಂದೇ ಬರೆಯುತ್ತಿದ್ದೇನೆ.

ಫೋನಿನಲ್ಲೇ ಲೊಕೇಶನ್ ಕಳಿಸಬಹುದಲ್ಲ ಎಂದು ಮನೆಯವರು ಕೇಳಿಯೇ ಕೇಳುತ್ತಾರೆ. ಫೋನಿಗೆ ತಾನೆಲ್ಲಿದ್ದೇನೆ ಎಂದು ತಿಳಿಯಲು ಉಪಗ್ರಹ ಸಾಕು. ತಿಳಿದದ್ದನ್ನು ಇನ್ನೊಬ್ಬರಿಗೆ ಮುಟ್ಟಿಸಲು ಟವರ್ ಬೇಕು. ಘಟ್ಟದ ತಿರುವುಗಳಲ್ಲಿ, ಕುದುರೆಮುಖದ ಕಾಡಿನೊಳಗೆ ಟವರ್ ಸಿಗದ ಜಾಗಗಳು ಈಗಲೂ ಇವೆ. ಮಳೆಗಾಲದಲ್ಲಿ ಗುಡ್ಡ ಜರಿದು ಕರೆಂಟ್ ಹೋಯಿತೆಂದರೆ ಇರುವ ಟವರೂ ಬ್ಯಾಟರಿ ಮುಗಿಯುವ ತನಕ ಮಾತ್ರ. ನಮಗೋ, ಎರಡು ಮೀಟರ್ ಬ್ಯಾಂಡಿನ ಒಂದು ಸೆಟ್ಟು, ಹನ್ನೆರಡು ವೋಲ್ಟಿನ ಒಂದು ಬ್ಯಾಟರಿ, ಎದುರಿನ ಬೆಟ್ಟದ ಮೇಲೆ ಕೇಳಿಸಿಕೊಂಡದ್ದನ್ನು ಮತ್ತೆ ಹೇಳುವ ಇನ್ನೊಂದು ಸೆಟ್ಟು ಇದ್ದರಾಯಿತು. ಕಷ್ಟದಲ್ಲಿರುವವನು ತಾನಿರುವ ಜಾಗವನ್ನು ಬಾಯಿಮಾತಿನಲ್ಲಿ ವಿವರಿಸುವುದು ಎಷ್ಟು ಕಷ್ಟವೆಂದು ಚಾರಣಕ್ಕೆ ಹೋದವರಿಗೆಲ್ಲ ಗೊತ್ತು. ಅಕ್ಷಾಂಶ, ರೇಖಾಂಶ ಒಂದೇ ಸೆಕೆಂಡಿನಲ್ಲಿ ದಾಟಿಹೋಗುತ್ತವೆ.

ಈ ವಿದ್ಯೆ ಯಾರಿಂದ ಬಂತು ಎನ್ನುವುದೂ ನಿನಗೆ ಗೊತ್ತಿರಲಿ. ಒಂದೇ ಫ್ರೀಕ್ವೆನ್ಸಿಯನ್ನು ಹಲವರು ಹಂಚಿಕೊಂಡು, ಮಾಹಿತಿಯನ್ನು ಸಣ್ಣ ಸಣ್ಣ ಕಟ್ಟುಗಳಾಗಿ, ಅಂದರೆ ಪ್ಯಾಕೆಟ್ಟುಗಳಾಗಿ, ಕಳಿಸಬಹುದೆಂದು ಹವಾಯಿ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್ಸನ್ ಮತ್ತು ಅವರ ಸಂಗಡಿಗರು 1971ರಲ್ಲಿ ಅಲೋಹಾ ಜಾಲದ ಮೂಲಕ ತೋರಿಸಿದರು. 1978ರಲ್ಲಿ ಕೆನಡಾದ ಮಾಂಟ್ರಿಯಲ್ ಹ್ಯಾಮ್‌ಗಳು ಅದನ್ನು ಹವ್ಯಾಸಿ ಬ್ಯಾಂಡಿಗೆ ತಂದರು. ಎಂಬತ್ತರ ದಶಕದಲ್ಲಿ ಅರಿಜೋನಾದ ಟಕ್ಸನ್ನಿನ ಹ್ಯಾಮ್‌ಗಳು ಪ್ಯಾಕೆಟ್ ಕಟ್ಟಿ ರೇಡಿಯೊಗೆ ಕೊಡುವ, ಬಂದದ್ದನ್ನು ಬಿಚ್ಚುವ ಟಿಎನ್‌ಸಿ ಎಂಬ ಪೆಟ್ಟಿಗೆಯನ್ನು ಕಿಟ್ ಮಾಡಿ ಹಂಚಿದರು. ಆಮೇಲೆ ಬಂದವರು ಅಮೆರಿಕದ ನೌಕಾ ಅಕಾಡೆಮಿಯಲ್ಲಿದ್ದ ಬಾಬ್ ಬ್ರುನಿಂಗಾ. 1984ರಲ್ಲಿ ಅವರು ವಿಐಸಿ-20 ಎಂಬ ಪುಟ್ಟ ಮನೆ ಕಂಪ್ಯೂಟರಿನಲ್ಲಿ ಬರೆದ ಪ್ರೋಗ್ರಾಮು, ನೂರು ಮೈಲಿಯ ಕುದುರೆ ಓಟದಲ್ಲಿ ಯಾವ ಕುದುರೆ ಎಲ್ಲಿದೆ, ಹೇಗಿದೆ ಎಂದು ವರದಿ ಮಾಡುತ್ತಿತ್ತು. ಅದೇ ಬೆಳೆದು ತೊಂಬತ್ತರ ದಶಕದಲ್ಲಿ ಎಪಿಆರ್‌ಎಸ್ ಎಂಬ ವ್ಯವಸ್ಥೆಯಾಯಿತು. 2022ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ಕೊನೆಯವರೆಗೂ ಅವರು ಬಿಡದೆ ಹೇಳಿದ ಮಾತೊಂದಿದೆ: ಇದು ವಾಹನ ಹಿಂಬಾಲಿಸುವ ಯಂತ್ರವಲ್ಲ, ಒಂದು ಪ್ರದೇಶದಲ್ಲಿರುವ ಹ್ಯಾಮ್‌ಗಳೆಲ್ಲ ಆ ಹೊತ್ತಿನಲ್ಲಿ ಅಲ್ಲೇನು ನಡೆಯುತ್ತಿದೆ ಎಂದು ಪರಸ್ಪರ ತಿಳಿದುಕೊಳ್ಳುವ ವ್ಯವಸ್ಥೆ, ಎರಡೂ ಕಡೆಯಿಂದ ಮಾತು ನಡೆಯಬೇಕು ಎಂದು. ನಾನು ಈ ಮಾತನ್ನು ಪೂರ್ತಿ ಒಪ್ಪುತ್ತೇನೆ. ಮುಂದೆ ಹೇಳುವುದೆಲ್ಲ ಇದರಿಂದಲೇ ಹೊರಟಿದ್ದು.

ಈಗ ಮೇಜಿನ ಮೇಲಿನ ಕೆಲಸ. ಇರುವುದು ಮೂರು ವಸ್ತು: ಜಿಪಿಎಸ್, ಟಿಎನ್‌ಸಿ, ರೇಡಿಯೊ. ಮೂರನ್ನೂ ಒಟ್ಟಿಗೆ ಕಟ್ಟಿ ಸ್ವಿಚ್ ಹಾಕಬೇಡ. ಕೆಲಸ ಮಾಡದಿದ್ದರೆ ದೋಷ ಎಲ್ಲಿದೆಯೆಂದು ಹುಡುಕುವುದರಲ್ಲೇ ವಾರ ಕಳೆಯುತ್ತದೆ. ಮೊದಲು ಜಿಪಿಎಸ್ ಒಂದನ್ನೇ ಕಂಪ್ಯೂಟರಿಗೆ ಹಾಕಿ, ಟರ್ಮಿನಲ್ ಪ್ರೋಗ್ರಾಮಿನಲ್ಲಿ ಅದು ಏನು ಹೇಳುತ್ತಿದೆ ಎಂದು ಕಣ್ಣಾರೆ ನೋಡು. ಡಾಲರ್ ಗುರುತಿನಿಂದ ಶುರುವಾಗುವ ಸಾಲುಗಳು ಸೆಕೆಂಡಿಗೊಮ್ಮೆ ಇಳಿದು ಬರಬೇಕು. ಇದು ಎನ್‌ಎಂಇಎ 0183, ಹಡಗುಗಳ ಉಪಕರಣಗಳು ಒಂದಕ್ಕೊಂದು ಮಾತಾಡಲು ಮಾಡಿಕೊಂಡ ಭಾಷೆ. ಅದರ ರೂಢಿಯ ವೇಗ 4800 ಬಾಡ್. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುವ ನಿಯೊ-6ಎಂ ತರಹದ ಮಾಡ್ಯೂಲುಗಳು 9600ರಲ್ಲಿ ಮಾತಾಡುತ್ತವೆ. ವೇಗ ಹೊಂದದಿದ್ದರೆ ಪರದೆಯ ಮೇಲೆ ಬರೀ ಕಸ ಕಾಣುತ್ತದೆ. ಕಂಡರೆ ಹೆದರಬೇಡ, ವೇಗ ಬದಲಿಸು. ಯಾರಾದರೂ ಹಿರಿಯರು ತಮ್ಮ ಹಳೆಯ ಕೈ ಜಿಪಿಎಸ್ ಕೊಟ್ಟರೆ ಅದರ ಮೆನುವಿನಲ್ಲಿ ಇಂಟರ್‌ಫೇಸ್ ಎಂಬ ಕಡೆ ನೋಡು. ಹಲವು ಉಪಕರಣಗಳು ತಮ್ಮ ಕಂಪನಿಯದೇ ಭಾಷೆಯಲ್ಲಿ ಮಾತಾಡುವ ಹಾಗೆ ಇಟ್ಟಿರುತ್ತವೆ. ಅದನ್ನು ಎನ್‌ಎಂಇಎಗೆ ಬದಲಿಸುವ ತನಕ ಟಿಎನ್‌ಸಿಗೆ ಏನೂ ಅರ್ಥವಾಗುವುದಿಲ್ಲ.

ಇನ್ನೊಂದು ಕಡೆಯೂ ಜನ ಎಡವುತ್ತಾರೆ. ಈಗಿನ ರಿಸೀವರುಗಳು ಅಮೆರಿಕದ ಜಿಪಿಎಸ್ ಜೊತೆಗೆ ರಷ್ಯಾದ ಗ್ಲೋನಾಸ್, ಇನ್ನೂ ಕೆಲವು ದೇಶಗಳ ಉಪಗ್ರಹಗಳನ್ನೂ ಕೇಳುತ್ತವೆ. ಹಾಗೆ ಬೆರೆಸಿ ಕೇಳಿದಾಗ ಸಾಲಿನ ಮೊದಲಲ್ಲಿ ಜಿಪಿಆರ್‌ಎಂಸಿ ಎಂದು ಬರೆಯುವ ಬದಲು ಜಿಎನ್‌ಆರ್‌ಎಂಸಿ ಎಂದು ಬರೆಯುತ್ತವೆ. ಹಳೆಯ ಟಿಎನ್‌ಸಿ ಜಿಪಿ ಎಂಬ ಅಕ್ಷರಗಳನ್ನಷ್ಟೇ ಹುಡುಕುತ್ತಿರುತ್ತದೆ. ತಂತಿ ಸರಿ, ವೇಗ ಸರಿ, ಆದರೂ ಜಾಗ ಸಿಗದು. ರಿಸೀವರಿನ ಸೆಟ್ಟಿಂಗಿನಲ್ಲಿ ಆ ಎರಡಕ್ಷರ ಬದಲಿಸಿದರೆ ಮುಗಿಯಿತು.

ಆಮೇಲೆ ತಂತಿ. ಮಾಡ್ಯೂಲಿನ ಸಂಕೇತ 3.3 ವೋಲ್ಟಿನದು, ಸುಮ್ಮನಿರುವಾಗ ಮೇಲಿರುತ್ತದೆ. ಹಳೆಯ ಟಿಎನ್‌ಸಿಯ ಒಂಬತ್ತು ಪಿನ್ನಿನ ಪೋರ್ಟು ಆರ್‌ಎಸ್-232, ಸುಮ್ಮನಿರುವಾಗ ಋಣ ವೋಲ್ಟೇಜಿಗೆ ಇಳಿದಿರುತ್ತದೆ. ಅಂದರೆ ಎರಡೂ ಒಂದಕ್ಕೊಂದು ತಲೆಕೆಳಗು. ನಡುವೆ ಮ್ಯಾಕ್ಸ್3232 ತರಹದ ಐಸಿ ಇರಲೇಬೇಕು. ಅದಿಲ್ಲದೆ ಟಿಎನ್‌ಸಿಯ ತಂತಿಯನ್ನು ಮಾಡ್ಯೂಲಿಗೆ ನೇರವಾಗಿ ಮುಟ್ಟಿಸಿದರೆ ಮಾಡ್ಯೂಲು ಸುಟ್ಟೇಹೋಗಬಹುದು. ಇನ್ನು, ಕಂಪ್ಯೂಟರಿಗೆಂದು ಮಾಡಿದ ಜಿಪಿಎಸ್ ತನ್ನ ಮಾತನ್ನು ಎರಡನೆಯ ಪಿನ್ನಿನಲ್ಲಿ ಹೊರಬಿಡುತ್ತದೆ. ಟಿಎನ್‌ಸಿಯೂ ಕಂಪ್ಯೂಟರಿಗೆಂದೇ ಮಾಡಿದ್ದು, ಅದೂ ಎರಡನೆಯ ಪಿನ್ನಿನಲ್ಲೇ ಮಾತಾಡಿ ಮೂರನೆಯದರಲ್ಲಿ ಕೇಳುತ್ತದೆ. ಇಬ್ಬರನ್ನೂ ನೇರ ತಂತಿಯಲ್ಲಿ ಸೇರಿಸಿದರೆ ಬಾಯಿಗೆ ಬಾಯಿ, ಕಿವಿಗೆ ಕಿವಿ ಕೂಡುತ್ತದೆ. ಜಿಪಿಎಸ್‌ನ ಎರಡನ್ನು ಟಿಎನ್‌ಸಿಯ ಮೂರಕ್ಕೆ ಕೊಡು, ಐದನ್ನು ಐದಕ್ಕೆ ಕೊಡು. ಆ ಐದು ಗ್ರೌಂಡು, ಮರೆಯಬೇಡ. ಜಿಪಿಎಸ್‌ಗೆ ಎಷ್ಟು ವೋಲ್ಟ್ ಬೇಕೆಂದು ಓದಿದ ಮೇಲೆಯೇ ಬ್ಯಾಟರಿ ಮುಟ್ಟು. ಬಹುಪಾಲು ಐದು ವೋಲ್ಟಿನವು, ಬೈಕಿನದು ಹನ್ನೆರಡು.

ಪ್ರತ್ಯೇಕ ಟಿಎನ್‌ಸಿ ಕೊಳ್ಳಲೇಬೇಕೆಂದಿಲ್ಲ. ಡೈರ್‌ವುಲ್ಫ್ ಎಂಬ ಉಚಿತ ಪ್ರೋಗ್ರಾಮನ್ನು ರಾಸ್ಪ್‌ಬೆರಿ ಪೈಗೆ ಹಾಕಿ, ಒಂದು ಯುಎಸ್‌ಬಿ ಸೌಂಡ್‌ಕಾರ್ಡ್ ಜೋಡಿಸಿದರೆ ಅದೇ ಟಿಎನ್‌ಸಿ. ನಿನ್ನಂಥ ವಿದ್ಯಾರ್ಥಿಗೆ ನಾನು ಇದನ್ನೇ ಹೇಳುತ್ತೇನೆ. ಹಣ ಕಡಿಮೆ ಎಂಬುದಕ್ಕಿಂತ ಅದು ಏನು ಕೇಳುತ್ತಿದೆ, ಏನು ಕಳಿಸುತ್ತಿದೆ ಎಂಬುದನ್ನೆಲ್ಲ ಪರದೆಯ ಮೇಲೆ ತೋರಿಸುತ್ತದೆ ಎಂಬುದು ದೊಡ್ಡದು.

ರೇಡಿಯೊ ಕಡೆಗೆ ಬಾ. ಟಿಎನ್‌ಸಿ ಬಿಟ್ಟುಗಳನ್ನು 1200 ಮತ್ತು 2200 ಹರ್ಟ್ಸಿನ ಎರಡು ಸ್ವರಗಳಾಗಿ ಮಾಡಿ, ಸೆಕೆಂಡಿಗೆ 1200 ಬಿಟ್ಟಿನಂತೆ ರೇಡಿಯೊಗೆ ಕೊಡುತ್ತದೆ. ಸೆಟ್ಟಿನ ಹಿಂದೆ ಡೇಟಾ ಎಂದು ಬರೆದ ಆರು ಪಿನ್ನಿನ ಸಾಕೆಟ್ ಇದ್ದರೆ ಮೈಕ್ ಸಾಕೆಟ್ ಬಿಟ್ಟು ಅದನ್ನೇ ಬಳಸು. ಹೊಸಬರಿಗೆ ವಾಲ್ಯೂಮ್ ಏರಿಸಿದಷ್ಟೂ ದೂರ ಹೋಗುತ್ತದೆ ಎಂಬ ಭ್ರಮೆ. ನಿಜ ಇದಕ್ಕೆ ಪೂರ್ತಿ ಉಲ್ಟಾ. ಡೀವಿಯೇಶನ್, ಅಂದರೆ ನಿನ್ನ ಸ್ವರ ಸೆಟ್ಟಿನ ಫ್ರೀಕ್ವೆನ್ಸಿಯನ್ನು ಅತ್ತಿತ್ತ ಸರಿಸುವ ಅಳತೆ, ಮೂರು ಕಿಲೋಹರ್ಟ್ಸ್ ಆಸುಪಾಸಿನಲ್ಲಿರಬೇಕು. ಅದಕ್ಕೂ ಬಹಳ ಮೇಲೆ ಹೋದರೆ ಸ್ವರ ಚಪ್ಪಟೆಯಾಗಿ ಪಕ್ಕದ ಬೀದಿಯವನಿಗೂ ಡಿಕೋಡ್ ಆಗುವುದಿಲ್ಲ. ಅಳೆಯುವ ಉಪಕರಣ ಇಲ್ಲದಿದ್ದರೆ ಇನ್ನೊಂದು ಸೆಟ್ಟಿನಲ್ಲಿ ಕೇಳು. ನಿನ್ನ ಪ್ಯಾಕೆಟ್ಟಿನ ಸದ್ದು ನಿನ್ನ ಮಾತಿನ ಸದ್ದಿಗಿಂತ ಜೋರಾಗಿರಬಾರದು. ಸೆಟ್ಟನ್ನು ಕಳಿಸಲು ಹಚ್ಚುವ ಪಿಟಿಟಿಗೆ ತಂತಿಯನ್ನೇ ಎಳೆ, ಸದ್ದು ಕೇಳಿ ತಾನಾಗಿ ಸೆಟ್ಟನ್ನು ಹಚ್ಚುವ ವಾಕ್ಸ್ ನಂಬಬೇಡ. ಪ್ಯಾಕೆಟ್ ಮುಗಿದ ಮೇಲೂ ಅದು ಸೆಟ್ಟನ್ನು ಹಿಡಿದುಕೊಂಡೇ ಇರುತ್ತದೆ. ಕೈಸೆಟ್ಟಿನಲ್ಲಿ ಬ್ಯಾಟರಿ ಸೇವರ್ ಆರಿಸಿಡು, ಇಲ್ಲವಾದರೆ ಅದು ತೂಕಡಿಸುತ್ತಿರುವಾಗ ಬಂದ ಪ್ಯಾಕೆಟ್ಟಿನ ತಲೆ ಕತ್ತರಿಸಿಹೋಗುತ್ತದೆ. ಇದೆಲ್ಲ ಆಂಟೆನಾ ಬದಲು ಡಮ್ಮಿ ಲೋಡ್ ಹಾಕಿಕೊಂಡು ಮಾಡು. ಆಂಟೆನಾ ಹಚ್ಚುವುದು ಕೊನೆಯ ಕೆಲಸ.

ಆಂಟೆನಾ ಹಚ್ಚಿದ ಮೇಲೆ ಒಂದು ತೊಂದರೆ ಬರಬಹುದು. ಸಣ್ಣ ಪವರಿನಲ್ಲಿ ಎಲ್ಲ ಸರಿಯಿದ್ದು, ಪವರ್ ಏರಿಸಿದೊಡನೆ ಜಿಪಿಎಸ್ ಜಾಗ ಕಳೆದುಕೊಳ್ಳುವುದು, ಇಲ್ಲವೇ ಪಿಟಿಟಿ ಒಳಗೇ ಸಿಕ್ಕಿಕೊಳ್ಳುವುದು. ಇಪ್ಪತ್ತು ಸಾವಿರ ಕಿಲೋಮೀಟರ್ ಮೇಲಿನಿಂದ ಬರುವ ಉಪಗ್ರಹದ ಸಂಕೇತ ಅತಿ ಕ್ಷೀಣ, ನಿನ್ನ ಸೆಟ್ಟಿನದು ಪಕ್ಕದಲ್ಲೇ ಹತ್ತಾರು ವಾಟ್. ಎರಡೂ ಆಂಟೆನಾಗಳನ್ನು ಆದಷ್ಟು ದೂರ ಇಡು, ಶೀಲ್ಡ್ ಇರುವ ಕೇಬಲ್ ಬಳಸು, ಎರಡೂ ತುದಿಗೆ ಫೆರೈಟ್ ತೊಡಿಸು.

ಇಷ್ಟಾದರೆ ಪೆಟ್ಟಿಗೆ ಕೆಲಸ ಮಾಡುತ್ತದೆ. ಅದು ನಿಜ ಹೇಳುತ್ತಿದೆಯೇ ಎಂಬುದು ಬೇರೆ ಪ್ರಶ್ನೆ.

ಎನ್‌ಎಂಇಎ ಸಾಲಿನಲ್ಲಿ ಬೆಂಗಳೂರಿನ ಅಕ್ಷಾಂಶ 1258.2 ಎಂಬಂತೆ ಕಾಣುತ್ತದೆ. ಇದು 12 ಡಿಗ್ರಿ, 58.2 ನಿಮಿಷ. ನಮ್ಮ ಫೋನಿನ ನಕ್ಷೆಗಳು ಇದನ್ನೇ 12.97 ಡಿಗ್ರಿ ಎನ್ನುತ್ತವೆ. ಸ್ವಂತ ಪ್ರೋಗ್ರಾಮ್ ಬರೆಯುವ ಹುಡುಗರು ಚುಕ್ಕೆಯನ್ನು ಸರಿಸಿ 12.582 ಎಂದು ಓದಿಬಿಡುತ್ತಾರೆ, ರೇಖಾಂಶಕ್ಕೂ ಹಾಗೆಯೇ ಮಾಡುತ್ತಾರೆ. ಆಗ ಬೆಂಗಳೂರಿನಲ್ಲಿ ನಿಂತ ಗಾಡಿ ಐವತ್ತು ಕಿಲೋಮೀಟರ್ ಆಚೆ ಕನಕಪುರದ ಹತ್ತಿರ ಕಾಣುತ್ತದೆ. ನಕ್ಷೆಯ ಮೇಲೆ ಚುಕ್ಕೆ ಮಾತ್ರ ಬಹಳ ಅಂದವಾಗಿ ಮೂಡಿರುತ್ತದೆ, ನೋಡಿದವರಿಗೆ ಅನುಮಾನವೇ ಬರುವುದಿಲ್ಲ. ವೇಗವೂ ಅಷ್ಟೇ. ಸಾಲಿನಲ್ಲಿರುವುದು ನಾಟ್ ಲೆಕ್ಕ. 40 ಎಂದಿದ್ದರೆ ಗಂಟೆಗೆ 74 ಕಿಲೋಮೀಟರ್. ಸಮಯ ಯುಟಿಸಿ, ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ. ಹಳೆಯ ರಿಸೀವರಾದರೆ ತಾರೀಖನ್ನೂ ನಂಬಬೇಡ. ಜಿಪಿಎಸ್ ವಾರಗಳ ಎಣಿಕೆ 1024ಕ್ಕೆ ಮುಗಿದು ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. 2019ರ ಏಪ್ರಿಲ್ 6ರಂದು ಹಾಗಾದ ಮೇಲೆ ಕೆಲವು ರಿಸೀವರುಗಳು ಜಾಗ ಸರಿಯಾಗಿ ಹೇಳುತ್ತಲೇ ತಾರೀಖನ್ನು ಹತ್ತೊಂಬತ್ತೂವರೆ ವರ್ಷ ಹಿಂದಕ್ಕೆ ಒಯ್ದವು.

ಇವೆಲ್ಲಕ್ಕಿಂತ ನನ್ನನ್ನು ಕಾಡುವುದು ಒಂದು ಅಕ್ಷರ. ಆರ್‌ಎಂಸಿ ಸಾಲಿನಲ್ಲಿ ಸಮಯದ ನಂತರ ಎ ಅಥವಾ ವಿ ಎಂದಿರುತ್ತದೆ. ಎ ಎಂದರೆ ಜಾಗ ಗೊತ್ತಿದೆ, ವಿ ಎಂದರೆ ಈಗ ಗೊತ್ತಿಲ್ಲ. ಗೊತ್ತಿಲ್ಲದಾಗಲೂ ಕೆಲವು ರಿಸೀವರುಗಳು ಕೊನೆಗೆ ತಿಳಿದಿದ್ದ ಜಾಗವನ್ನೇ ಮತ್ತೆ ಮತ್ತೆ ಬರೆಯುತ್ತಿರುತ್ತವೆ. ನಿನ್ನ ಪೆಟ್ಟಿಗೆ ಆ ಅಕ್ಷರ ನೋಡದೆ ಕಳಿಸಿತು ಎಂದುಕೋ. ಕಣಿವೆಗೆ ಇಳಿದು ದಾರಿ ತಪ್ಪಿದವನೊಬ್ಬ ಇನ್ನೂ ಮೇಲಿನ ರಸ್ತೆಯಲ್ಲೇ ನಿಂತಿದ್ದಾನೆಂದು ನಕ್ಷೆ ಹೇಳುತ್ತದೆ. ಹುಡುಕಲು ಹೋದವರು ರಸ್ತೆಗೆ ಹೋಗುತ್ತಾರೆ. ಏನೂ ಬರದಿದ್ದರೆ ಜನ ಎಲ್ಲ ಕಡೆ ಹುಡುಕುತ್ತಾರೆ. ತಪ್ಪು ಜಾಗ ಬಂದರೆ ಒಂದೇ ಕಡೆ ಹುಡುಕುತ್ತಾರೆ, ಅದೂ ಅವನಿಲ್ಲದ ಕಡೆ. ಆದ್ದರಿಂದ ವಿ ಬಂದಾಗ ನಿನ್ನ ಪೆಟ್ಟಿಗೆ ಜಾಗ ಹೇಳಕೂಡದು. ಹಳೆಯ ಜಾಗವನ್ನೇ ಹೇಳಬೇಕಾಗಿ ಬಂದರೆ ಅದು ಎಷ್ಟು ಹೊತ್ತಿನದು ಎಂಬುದನ್ನೂ ಜೊತೆಗೇ ಹೇಳಬೇಕು. ಇದನ್ನು ಪರೀಕ್ಷಿಸುವುದು ಸುಲಭ. ಜಿಪಿಎಸ್ ಆಂಟೆನಾವನ್ನು ಉಕ್ಕಿನ ಡಬ್ಬಿಯೊಳಗೆ ಮುಚ್ಚಿಟ್ಟು ಹೊರಗೆ ಏನು ಹೋಗುತ್ತದೆ ಎಂದು ನೋಡು. ಈ ಪರೀಕ್ಷೆಯಲ್ಲಿ ಪಾಸಾಗದ ಪೆಟ್ಟಿಗೆಯನ್ನು ಕಾಡಿಗೆ ಒಯ್ಯಬೇಡ.

ನಿಖರತೆಯ ಬಗ್ಗೆಯೂ ಅತಿಯಾಸೆ ಬೇಡ. ಎಪಿಆರ್‌ಎಸ್‌ನ ಸಾದಾ ರೂಪದಲ್ಲಿ ಜಾಗವನ್ನು ನಿಮಿಷದ ನೂರರಲ್ಲೊಂದು ಭಾಗದವರೆಗೆ ಹೇಳುತ್ತಾರೆ, ಅಂದರೆ ಸುಮಾರು 18 ಮೀಟರ್. ಜನರನ್ನು ಹುಡುಕಲು ಇಷ್ಟು ಧಾರಾಳ. 2000ದ ಮೇ ತಿಂಗಳವರೆಗೆ ಅಮೆರಿಕ ಬೇಕೆಂದೇ ಸೇರಿಸುತ್ತಿದ್ದ ದೋಷದಿಂದಾಗಿ ನೂರು ಮೀಟರ್ ಅತ್ತಿತ್ತ ಆಗುತ್ತಿದ್ದ ಕಾಲದಲ್ಲೂ ಹ್ಯಾಮ್‌ಗಳು ಇದರಿಂದ ಒಳ್ಳೆಯ ಕೆಲಸವನ್ನೇ ಮಾಡಿದರು.

ಇನ್ನು ಸುಮ್ಮನಿರುವ ವಿಷಯ. ಫ್ರೀಕ್ವೆನ್ಸಿ ಒಂದೇ, ಊರಿಗೆಲ್ಲ ಒಂದೇ ಬಾವಿ ಇದ್ದ ಹಾಗೆ. ಲೆಕ್ಕ ಹಾಕಿ ತೋರಿಸುತ್ತೇನೆ. ಒಂದು ಪ್ಯಾಕೆಟ್, ಸೆಟ್ಟು ಎದ್ದು ನಿಲ್ಲಲು ಬೇಕಾದ ಹೊತ್ತೂ ಸೇರಿ, ಹೆಚ್ಚುಕಡಿಮೆ ಒಂದು ಸೆಕೆಂಡ್ ಹಿಡಿಯುತ್ತದೆ. ರ‍್ಯಾಲಿಯಲ್ಲಿ ಇಪ್ಪತ್ತು ಗಾಡಿಗಳಿದ್ದು ಪ್ರತಿಯೊಂದೂ ನಿಮಿಷಕ್ಕೊಮ್ಮೆ ಜಾಗ ಹೇಳಿತು, ಬೆಟ್ಟದ ಮೇಲಿನ ಡಿಜಿಪೀಟರ್ ಪ್ರತಿಯೊಂದನ್ನೂ ಒಮ್ಮೆ ಪುನಃ ಹೇಳಿತು. ಅಲ್ಲಿಗೆ ನಿಮಿಷಕ್ಕೆ ನಲವತ್ತು ಸೆಕೆಂಡ್ ಮುಗಿಯಿತು. ಉಳಿದ ಇಪ್ಪತ್ತು ಸೆಕೆಂಡ್ ಖಾಲಿಯಿದೆ ಎಂದುಕೊಳ್ಳಬೇಡ. ಯಾರ ಮಾತನ್ನೂ ಕೇಳದೆ ಎಲ್ಲರೂ ತಮಗೆ ಬೇಕಾದಾಗ ಮಾತಾಡಿದರೆ, ಒಂದರ ಮೇಲೊಂದು ಬಿದ್ದು, ಒಟ್ಟು ಸಮಯದ ನೂರಕ್ಕೆ ಹದಿನೆಂಟು ಪಾಲು ಮಾತ್ರ ಕೆಲಸಕ್ಕೆ ಬರುತ್ತದೆ ಎಂದು ಅಲೋಹಾ ಜಾಲದವರೇ ಲೆಕ್ಕ ಹಾಕಿದ್ದಾರೆ. ಅಂದರೆ ನಿಮಿಷಕ್ಕೆ ಹನ್ನೊಂದು ಸೆಕೆಂಡು, ಅಷ್ಟೇ. ಅದೇ ಇಪ್ಪತ್ತು ಗಾಡಿಗಳು ನಾಲ್ಕು ನಿಮಿಷಕ್ಕೊಮ್ಮೆ ಹೇಳಿದರೆ ನಿಮಿಷಕ್ಕೆ ಹತ್ತು ಸೆಕೆಂಡಿನಲ್ಲಿ ಮುಗಿಯುತ್ತದೆ.

ಟಿಎನ್‌ಸಿ ಮೊದಲು ಕಿವಿಗೊಟ್ಟು, ಚಾನಲ್ ಖಾಲಿಯಾದ ಮೇಲೆ ಮಾತಾಡಿದರೆ ಪರಿಸ್ಥಿತಿ ಸುಧಾರಿಸುತ್ತದೆ. ಆದರೆ ಪಿಐಸಿ ಚಿಪ್ಪಿನ ಅಗ್ಗದ ಟ್ರ್ಯಾಕರುಗಳಲ್ಲಿ ಹಲವು ಕಳಿಸುವುದನ್ನಷ್ಟೇ ಬಲ್ಲವು, ಬಂದ ಪ್ಯಾಕೆಟ್ಟನ್ನು ಓದಲಾರವು. ಅದರಲ್ಲೂ ಸೆಟ್ಟಿನ ಆಡಿಯೊ ತಂತಿ ಜೋಡಿಸದೆ ಬಿಟ್ಟರೆ ಅದು ಪೂರ್ತಿ ಕಿವುಡು. ಅಂಥದ್ದನ್ನು ಕಟ್ಟಬೇಡ ಎಂದು ನಿನ್ನಲ್ಲಿ ಕೇಳಿಕೊಳ್ಳುತ್ತೇನೆ. ಬಲೂನಿಗೆ ಭಾರ ಕಡಿಮೆ ಇರಲೆಂದು ಅದನ್ನು ಬಳಸುವುದು ಬೇರೆ, ನೆಲದ ಮೇಲೆ ಬೇಡ. ಕೇಳಬಲ್ಲ ಪೆಟ್ಟಿಗೆಯೂ ಎಲ್ಲವನ್ನೂ ಕೇಳುವುದಿಲ್ಲ. ಬೆಟ್ಟದ ಆಚೆ ಒಬ್ಬ, ಈಚೆ ಒಬ್ಬ ಇದ್ದರೆ ಪರಸ್ಪರ ಕೇಳಿಸದು, ತುದಿಯಲ್ಲಿರುವ ಡಿಜಿಪೀಟರಿಗೆ ಇಬ್ಬರೂ ಒಟ್ಟಿಗೆ ಕೇಳಿಸಿ ಎರಡೂ ಹಾಳು. ನಮ್ಮ ಘಟ್ಟದಲ್ಲಿ ಇದು ದಿನನಿತ್ಯದ ಮಾತು. ಅದಕ್ಕೆ ಮದ್ದು ಒಂದೇ, ಎಲ್ಲರೂ ಕಡಿಮೆ ಮಾತಾಡುವುದು. ನಿಂತ ಸ್ಟೇಷನ್ ಅರ್ಧ ಗಂಟೆಗೊಮ್ಮೆ ಹೇಳಿದರೆ ಸಾಕು. ಓಡುವ ಗಾಡಿಗೆ ಸ್ಮಾರ್ಟ್‌ಬೀಕನಿಂಗ್ ಎಂಬ ಉಪಾಯವಿದೆ: ವೇಗವಾಗಿ ಹೋಗುವಾಗ ಮತ್ತು ತಿರುಗಿದಾಗ ಹೆಚ್ಚು ಸಲ, ನಿಧಾನವಾದಾಗ ಕಡಿಮೆ. ತಿರುವುಗಳೇ ತುಂಬಿದ ಘಟ್ಟದ ರಸ್ತೆಯಲ್ಲಿ ಅದರ ತಿರುವಿನ ಮಿತಿಯನ್ನು ಸಡಿಲಿಸದಿದ್ದರೆ ಅದೂ ವಾಚಾಳಿಯಾಗುತ್ತದೆ. ಪಾತ್ ಎಂಬಲ್ಲಿ ಒಂದು ಜಿಗಿತ, ಅಂದರೆ ಒಂದು ಡಿಜಿಪೀಟರ್ ಪುನಃ ಹೇಳುವುದು, ಸಾಕಾದರೆ ಒಂದೇ ಬರೆ. ಪ್ರತಿ ಜಿಗಿತವೂ ಇನ್ನೊಬ್ಬರ ಸಮಯ.

ವಿದೇಶದ ಪುಸ್ತಕ ನೋಡಿ ಫ್ರೀಕ್ವೆನ್ಸಿ ಹಾಕಿಕೊಳ್ಳಬೇಡ. ಅಮೆರಿಕದಲ್ಲಿ 144.390, ಯೂರೋಪಿನಲ್ಲಿ 144.800 ಮೆಗಾಹರ್ಟ್ಸ್, ಒಂದೊಂದು ಕಡೆ ಒಂದೊಂದು. ನಿಮ್ಮ ಊರಿನ ಕ್ಲಬ್ಬಿನ ಹಿರಿಯರನ್ನು ಕೇಳು. ಗಾಡಿಯಲ್ಲಿ ಸೆಟ್ಟು ಕೂರಿಸುವ ಮೊದಲು ನಿನ್ನ ಲೈಸೆನ್ಸಿನಲ್ಲಿ ಏನು ಬರೆದಿದೆ ಎಂದೂ ಓದಿಕೋ. ಭೂಮಿಯ ಮೇಲೆಲ್ಲ ಒಂದೇ ಆಗಿರುವುದು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ್ದು, 145.825. ಅಲ್ಲಿರುವ ಹ್ಯಾಮ್ ಉಪಕರಣ ಪ್ಯಾಕೆಟ್ ಕೆಲಸದಲ್ಲಿರುವಾಗ, ನಿಲ್ದಾಣ ನಮ್ಮ ತಲೆಯ ಮೇಲೆ ಹಾಯುವ ಹತ್ತು ನಿಮಿಷದೊಳಗೆ ನಿನ್ನ ಒಂದು ಪ್ಯಾಕೆಟ್ ನಾನೂರು ಕಿಲೋಮೀಟರ್ ಎತ್ತರದಿಂದ ಮರಳಿ ಬರುತ್ತದೆ. ಆ ಸಂತೋಷವನ್ನು ಒಮ್ಮೆ ಅನುಭವಿಸು. ಒಂದೆರಡು ಪ್ಯಾಕೆಟ್ ಸಾಕು, ಆ ಹತ್ತು ನಿಮಿಷಕ್ಕೆ ಕಾದಿರುವವರು ಅರ್ಧ ಭೂಖಂಡದಷ್ಟು ಜನ.

ಇನ್ನೊಂದು ವಿಷಯ ನೀನು ಯೋಚಿಸಿರಲಾರೆ. ಹವ್ಯಾಸಿ ಬ್ಯಾಂಡಿನಲ್ಲಿ ಗುಟ್ಟಿಗೆ ಜಾಗವಿಲ್ಲ, ಅರ್ಥ ಮರೆಮಾಡಿ ಕಳಿಸುವಂತಿಲ್ಲ. ನೀನು ಕಳಿಸಿದ ಜಾಗವನ್ನು ಯಾರು ಬೇಕಾದರೂ ಕೇಳಬಹುದು. ಇಂಟರ್ನೆಟ್ಟಿಗೆ ಸೇರಿಸುವ ಸ್ಟೇಷನ್ ಒಂದರ ಕಿವಿಗೆ ಬಿದ್ದರೆ ಜಗತ್ತಿನ ನಕ್ಷೆಯ ಮೇಲೆ ಕಾಣುತ್ತದೆ, ಅಲ್ಲಿ ಬಹಳ ಕಾಲ ಉಳಿಯುತ್ತದೆ. ನೀನು ದಿನಾ ಬೆಳಿಗ್ಗೆ ಎಷ್ಟು ಹೊತ್ತಿಗೆ ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತೀಯ, ಮನೆಯಲ್ಲಿ ಯಾರೂ ಇಲ್ಲದ ಹೊತ್ತು ಯಾವುದು ಎಂಬುದನ್ನೆಲ್ಲ ಅದರಿಂದ ಓದಬಹುದು. ಮನೆಯ ಹತ್ತಿರ ಬಂದಾಗ ಆರಿಸಿಬಿಡು. ಇನ್ನೊಬ್ಬರ ಗಾಡಿಗೆ ಹಾಕುವುದಾದರೆ ಅವರಿಗೆ ಇದನ್ನು ಬಿಡಿಸಿ ಹೇಳಿ, ಅವರು ಒಪ್ಪಿದ ಮೇಲೆ ಹಾಕು. ಅವರ ಒಪ್ಪಿಗೆ ಇಲ್ಲದೆ ಹಾಕುವುದು ನನ್ನ ಪ್ರಕಾರ ಅಪರಾಧ.

ಕೊನೆಯದಾಗಿ, ಜಾಗ ಕಳಿಸಿದ್ದಕ್ಕೆ ತೃಪ್ತಿಪಟ್ಟು ಕೂರಬೇಡ. ಇದೇ ವ್ಯವಸ್ಥೆಯಲ್ಲಿ ಸಣ್ಣ ಸಂದೇಶ ಕಳಿಸಬಹುದು, ತೊಂದರೆಯಾದ ಜಾಗವನ್ನು ಒಂದು ಗುರುತಾಗಿ ಎಲ್ಲರ ನಕ್ಷೆಯ ಮೇಲೆ ಇಡಬಹುದು, ಮಳೆ ಮಾಪಕದ ಲೆಕ್ಕ ಕಳಿಸಬಹುದು. ರಸ್ತೆ ಕುಸಿದ ತಾವನ್ನು ಒಬ್ಬ ಗುರುತಿಟ್ಟರೆ ಹಿಂದಿನಿಂದ ಬರುವ ಹತ್ತು ಗಾಡಿ ಉಳಿಯುತ್ತವೆ. ಬ್ರುನಿಂಗಾ ಬಯಸಿದ್ದು ಇದನ್ನೇ.

ಜೂನಿನ ಮಳೆ ಹಿಡಿಯುವ ಮೊದಲೇ ಕಟ್ಟಿ ಮುಗಿಸು. ಒಬ್ಬ ಗೆಳೆಯನನ್ನು ಊರ ಪಕ್ಕದ ಗುಡ್ಡದ ಮೇಲೆ ಸೆಟ್ಟಿನ ಜೊತೆ ನಿಲ್ಲಿಸಿ, ನೀನು ಕೆಳಗೆ ಸುತ್ತಾಡಿ, ಯಾವ ತಿರುವಿನಲ್ಲಿ ಕೇಳಿಸುತ್ತದೆ, ಎಲ್ಲಿ ಕೇಳಿಸುವುದಿಲ್ಲ ಎಂದು ಒಂದು ಕಾಗದದ ನಕ್ಷೆಯ ಮೇಲೆ ಗುರುತು ಮಾಡಿಕೋ. ಅದರ ಒಂದು ಪ್ರತಿಯನ್ನು ನಿಮ್ಮ ಕ್ಲಬ್ಬಿಗೆ ಕೊಡು, ಇನ್ನೊಂದನ್ನು ನನಗೆ ಕಳಿಸು.